ಕಡಲಿನ ಲೆಕ್ಕವನ್ನು ಒಂದುಗೂಡಿಸಿದ ಮೌರಿ



ಇಳಕಲ್ ಸೀರೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಸೆರಗು ಒಡಲಿಗೆ ಸೇರುವ ಜಾಗವನ್ನು ಎಂದಾದರೂ ಹತ್ತಿರದಿಂದ ಗಮನಿಸಿದ್ದೀರಾ? ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಇವೆರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕಡೆಯ ಎಳೆಗಳ ಲೆಕ್ಕ ಆ ಕಡೆಯ ಲೆಕ್ಕಕ್ಕೆ ಹೊಂದದಿದ್ದರೆ ಕೊಂಡಿ ಕೂಡುವುದಿಲ್ಲ. ಬೇರೆ ಬೇರೆ ಕೈಗಳ ಕೆಲಸ ಒಂದಾಗಬೇಕಾದರೆ ಎಲ್ಲರಿಗೂ ಒಪ್ಪಿಗೆಯಾದ ಒಂದು ಲೆಕ್ಕ ಮೊದಲೇ ಇರಬೇಕು.

ಇಂಥದೇ ಒಂದು ಕೊಂಡಿಯನ್ನು ಸಮುದ್ರಗಳ ಮೇಲೆ ಹಾಕಿದ ಒಬ್ಬ ನಾವಿಕನ ಕಥೆಯನ್ನು ಇಂದು ತಿಳಿಯೋಣ. ನಮ್ಮ ಬಾಗಲಕೋಟೆ ಜಿಲ್ಲೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುತ್ತೀರಾ? ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋದಾಗ ಮೇಗುತಿ ಗುಡಿಯನ್ನು ನೋಡಿ. ಅಲ್ಲಿ ಕ್ರಿ.ಶ. 634ರ ಶಾಸನವಿದೆ. ಬಾದಾಮಿಯ ದೊರೆ ಇಮ್ಮಡಿ ಪುಲಕೇಶಿಯು ಹಡಗುಗಳ ದಂಡಿನೊಂದಿಗೆ ಹೋಗಿ ಪಶ್ಚಿಮ ಕಡಲಿನ ಪುರಿ ಎಂಬ ಪಟ್ಟಣವನ್ನು ಗೆದ್ದ ಸಂಗತಿ ಅದರಲ್ಲಿದೆ. ಮುಂದೆ ಐಹೊಳೆಯ ಹೆಸರು ಹೊತ್ತ ಐನೂರ್ವರೆಂಬ ವರ್ತಕರ ಸಂಘವು ಕಡಲಾಚೆಗೂ ವ್ಯಾಪಾರ ಮಾಡಿತು. ಯಾವ ತಿಂಗಳಲ್ಲಿ ಗಾಳಿ ಯಾವ ಕಡೆ ಬೀಸುತ್ತದೆ ಎಂಬುದು ತಿಳಿಯದೆ ಹಾಯಿಹಡಗು ನಡೆಸಲು ಸಾಧ್ಯವಿಲ್ಲ. ಆದರೆ ಆ ನಾವಿಕರು ಕಂಡ ಗಾಳಿ, ನೀರಿನ ದಿನದಿನದ ಲೆಕ್ಕ ಇಂದು ನಮ್ಮ ಕೈಯಲ್ಲಿಲ್ಲ. ಬರೆದು ಹಂಚಿಕೊಳ್ಳದ ತಿಳಿವಳಿಕೆ ತಿಳಿದವರೊಂದಿಗೇ ಹೋಗಿಬಿಡುತ್ತದೆ. ಹಾಗೆ ಹೋಗಬಾರದೆಂದು ದುಡಿದವರೇ ಮ್ಯಾಥ್ಯೂ ಫಾಂಟೇನ್ ಮೌರಿ.

ಮರದಿಂದ ಬಿದ್ದ ಹುಡುಗ

ಮೌರಿ ಹುಟ್ಟಿದ್ದು 1806ರ ಜನವರಿ 14ರಂದು, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. ತಂದೆ ರೈತ. ಮಗ ಹೊಲದ ಕೆಲಸಕ್ಕೆ ನಿಲ್ಲಬೇಕಿತ್ತು. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಅವನು ಮರದಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡ. ಇನ್ನು ಇವನಿಂದ ಹೊಲದ ಕೆಲಸ ಆಗದು ಎಂದು ತಂದೆ ಅವನನ್ನು ಶಾಲೆಗೆ ಕಳಿಸಿದರು. ನೌಕಾಪಡೆಯಲ್ಲಿದ್ದ ಅಣ್ಣ ಹಳದಿ ಜ್ವರದಿಂದ ತೀರಿಕೊಂಡಿದ್ದ. ಆದ್ದರಿಂದ ಈ ಮಗನೂ ಸಮುದ್ರಕ್ಕೆ ಹೋಗುವುದು ತಂದೆಗೆ ಇಷ್ಟವಿರಲಿಲ್ಲ. ಆದರೂ 1825ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಮೌರಿ ನೌಕಾಪಡೆಗೆ ಸೇರಿದರು. ಮುಂದೆ ವಿನ್ಸೆನ್ಸ್ ಎಂಬ ಹಡಗಿನಲ್ಲಿ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದರು.

1831ರಲ್ಲಿ ಮತ್ತೊಂದು ಹಡಗಿಗೆ ದಾರಿ ಹುಡುಕುವ ಹೊಣೆ ಅವರ ಮೇಲೆ ಬಿತ್ತು. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಕೇಪ್ ಹಾರ್ನ್ ಎಂಬ ಭಯಂಕರ ಜಾಗವನ್ನು ದಾಟಬೇಕಿತ್ತು. ಅಲ್ಲಿನ ಗಾಳಿ ಹೇಗೆ, ನೀರಿನ ಸೆಳೆತ ಹೇಗೆ ಎಂದು ತಿಳಿಯಲು ಅವರು ಪುಸ್ತಕಗಳನ್ನು ಹುಡುಕಿದರು. ಉಪಯೋಗಕ್ಕೆ ಬರುವಂಥದ್ದು ಏನೂ ಸಿಗಲಿಲ್ಲ. ಅಷ್ಟು ಹಡಗುಗಳು ಆ ದಾರಿಯಲ್ಲಿ ಹೋಗಿ ಬಂದಿದ್ದರೂ ಹೊಸಬನೊಬ್ಬನಿಗೆ ದಾರಿ ಹೇಳುವ ಒಂದು ಪುಟವೂ ಇರಲಿಲ್ಲ. ಈ ಪ್ರಶ್ನೆ ಅವರ ಮನಸ್ಸಿನಲ್ಲಿ ಉಳಿಯಿತು.

ದೂಳು ಹಿಡಿದ ದಿನಚರಿಗಳು

1839ರಲ್ಲಿ ಮೌರಿ ಪ್ರಯಾಣಿಸುತ್ತಿದ್ದ ಕುದುರೆಗಾಡಿ ಉರುಳಿಬಿತ್ತು. ಕಾಲು ಮುರಿಯಿತು. ಕುಂಟುತ್ತ ನಡೆಯುವಂತಾಯಿತು. ಮೂವತ್ತಮೂರನೆಯ ವಯಸ್ಸಿಗೇ ಹಡಗಿನ ಬದುಕು ಮುಗಿಯಿತು. 1842ರಲ್ಲಿ ಅವರಿಗೆ ವಾಷಿಂಗ್ಟನ್ನಿನಲ್ಲಿ ನೌಕಾಪಡೆಯ ನಕ್ಷೆ ಮತ್ತು ಉಪಕರಣಗಳ ಉಗ್ರಾಣವನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು.

ಅಲ್ಲಿ ಹಳೆಯ ಹಡಗುಗಳ ದಿನಚರಿ ಪುಸ್ತಕಗಳು ರಾಶಿ ಬಿದ್ದಿದ್ದವು. ಯಾರಿಗೂ ಬೇಡವಾದ ಆ ಪುಟಗಳಲ್ಲಿ ಮೌರಿಯವರಿಗೆ ತಮ್ಮ ಪ್ರಶ್ನೆಗೆ ಉತ್ತರ ಕಂಡಿತು. ಇಂಥ ದಿನ, ಇಂಥ ಜಾಗದಲ್ಲಿ, ಗಾಳಿ ಈ ಕಡೆಯಿಂದ ಬೀಸಿತು ಎಂದು ನಾವಿಕರು ಬರೆದಿಟ್ಟಿದ್ದರು. ಒಂದು ದಿನಚರಿಯಿಂದ ತಿಳಿಯುವುದು ಸ್ವಲ್ಪ. ಸಾವಿರಾರು ದಿನಚರಿಗಳನ್ನು ಸೇರಿಸಿದರೆ? ಅವರು ಸಮುದ್ರದ ನಕ್ಷೆಯನ್ನು ಚೌಕಗಳಾಗಿ ಭಾಗಿಸಿದರು. ಪ್ರತಿ ಚೌಕದಲ್ಲಿ, ಪ್ರತಿ ತಿಂಗಳಲ್ಲಿ, ಗಾಳಿ ಯಾವ ಕಡೆಯಿಂದ ಎಷ್ಟು ಸಲ ಬೀಸಿದೆ ಎಂದು ತಮ್ಮ ಸಹಾಯಕರಿಂದ ಎಣಿಸಿದರು. 1847ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಗಾಳಿ ಮತ್ತು ಪ್ರವಾಹಗಳ ನಕ್ಷೆ ಹೊರಬಂತು.

ಮರುವರ್ಷ ಒಂದು ಹಡಗು ಈ ನಕ್ಷೆಯನ್ನು ನಂಬಿ ಅಮೆರಿಕದಿಂದ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ಬಂದರಿಗೆ ಹೊರಟಿತು. ಹೋಗಿ ಬರುವುದರಲ್ಲಿ ಅದಕ್ಕೆ ಒಂದು ತಿಂಗಳಿಗೂ ಹೆಚ್ಚು ಕಾಲ ಉಳಿಯಿತು! ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಲು ಹಡಗುಗಳಿಗೆ ಆರು ತಿಂಗಳ ಮೇಲೆ ಹಿಡಿಯುತ್ತಿತ್ತು. ಮೌರಿಯವರ ನಕ್ಷೆ ಹಿಡಿದು ಹೋದವು ಸರಾಸರಿ ಐದು ತಿಂಗಳೊಳಗೇ ತಲುಪತೊಡಗಿದವು.

ಮೌರಿ ಒಂದು ಜಾಣ ಒಪ್ಪಂದವನ್ನೂ ಮಾಡಿದರು. ಮನೆಗಳಿರುವ ಒಂದು ಖಾಲಿ ಪಟ್ಟಿಯನ್ನು ಅಚ್ಚು ಹಾಕಿಸಿ ಹಡಗಿನ ಕಪ್ತಾನರಿಗೆ ಕೊಟ್ಟರು. ದಿನವೂ ಅದನ್ನು ತುಂಬಿ ಕಳಿಸಿದವರಿಗೆ ನಕ್ಷೆಗಳು ಉಚಿತ. ಕೊಟ್ಟವರಿಗೆ ಎಲ್ಲರ ಅನುಭವವೂ ಸಿಗುತ್ತಿತ್ತು.

ಹತ್ತು ದೇಶ, ಒಂದೇ ಪಟ್ಟಿ

ಆದರೆ ಸಾಗರ ಒಂದು ದೇಶದ್ದಲ್ಲ. ಬೇರೆ ದೇಶಗಳ ಹಡಗುಗಳೂ ಬರೆಯುತ್ತಿದ್ದವು, ತಮ್ಮ ತಮ್ಮ ರೀತಿಯಲ್ಲಿ. ತೊಂದರೆ ಏನೆಂದು ನೀವೇ ನೋಡಿ. ಒಂದು ದಿನಚರಿಯಲ್ಲಿ ಉಷ್ಣತೆ 20 ಎಂದಷ್ಟೇ ಇದೆ ಎಂದುಕೊಳ್ಳಿ. ಅದು ಸೆಲ್ಸಿಯಸ್ ಆಗಿದ್ದರೆ ಹಿತವಾದ ಹವೆ. ಆಗ ಯುರೋಪಿನ ಕೆಲವೆಡೆ ಬಳಕೆಯಲ್ಲಿದ್ದ ರೋಮರ್ ಮಾಪನವಾಗಿದ್ದರೆ ಅದು 25 ಡಿಗ್ರಿ ಸೆಲ್ಸಿಯಸ್‌ಗೆ ಸಮ. ಫ್ಯಾರನ್‌ಹೀಟ್ ಆಗಿದ್ದರೆ ನೀರು ಹೆಪ್ಪುಗಟ್ಟುವ ಚಳಿ! ಅಂಕಿ ಒಂದೇ, ಅರ್ಥ ಮೂರು. ಇಂಥ ಅಂಕಿಗಳನ್ನು ಕೂಡಿಸಿದರೆ ಸಿಗುವುದು ತಪ್ಪು ಉತ್ತರ.

ಇದನ್ನು ಸರಿಪಡಿಸಲು 1853ರ ಆಗಸ್ಟ್ 23ರಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಹತ್ತು ದೇಶಗಳ ಪ್ರತಿನಿಧಿಗಳು ಸೇರಿದರು. ಸಭೆಗೆ ಮುಖ್ಯ ಪ್ರೇರಣೆ ಮೌರಿಯವರದೇ. ಏನನ್ನು ಅಳೆಯಬೇಕು, ಯಾವಾಗ ಅಳೆಯಬೇಕು, ಪಟ್ಟಿಯ ಯಾವ ಮನೆಯಲ್ಲಿ ಬರೆಯಬೇಕು ಎಂಬುದೆಲ್ಲ ಚರ್ಚೆಯಾಯಿತು. ಉಪಕರಣಗಳನ್ನು ಮೊದಲು ಸರಿಯಾದ ಉಪಕರಣದೊಡನೆ ಹೋಲಿಸಿ ನೋಡಬೇಕೆಂದೂ ಒಪ್ಪಿದರು. ಇನ್ನೊಂದು ತೀರ್ಮಾನವಂತೂ ಮನಸ್ಸಿಗೆ ನಾಟುವಂಥದು. ಯುದ್ಧದಲ್ಲಿ ಶತ್ರುವಿನ ಹಡಗನ್ನು ಹಿಡಿದರೂ ಅದರಲ್ಲಿರುವ ಈ ಪಟ್ಟಿಗೆ ಕೈ ಹಚ್ಚಬಾರದು ಎಂದು ಅವರು ಬಯಸಿದರು. ಹಡಗು ಯಾರದಾದರೂ ತಿಳಿವಳಿಕೆ ಎಲ್ಲರದು.

ಮೌರಿಯವರ ಎಲ್ಲ ವಿಚಾರಗಳೂ ಸರಿಯಾಗಿದ್ದವೇ? ಇಲ್ಲ. ಉತ್ತರ ಧ್ರುವದ ಬಳಿ ಹಿಮವಿಲ್ಲದ ಸಮುದ್ರವಿದೆ ಎಂದು ಅವರು ನಂಬಿದ್ದರು. ಅದು ತಪ್ಪೆಂದು ಮುಂದೆ ತಿಳಿಯಿತು. ಊಹೆ ಬಿದ್ದುಹೋಯಿತು, ಅಳತೆಗಳು ಉಳಿದವು.

ಅವರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ತಪ್ಪೂ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವ ಪದ್ಧತಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾದವು. ಮೌರಿ ತಮ್ಮ ವರ್ಜೀನಿಯಾದೊಂದಿಗೆ ಆ ಪಕ್ಷಕ್ಕೆ ಸೇರಿದರು. ಹಡಗುಗಳು ಕ್ಷೇಮವಾಗಿ ಸಾಗಲೆಂದು ದುಡಿದ ಅದೇ ಕೈಗಳು ಹಡಗುಗಳನ್ನು ಸಿಡಿಸುವ ಸ್ಫೋಟಕಗಳನ್ನು ಸಿದ್ಧಮಾಡಿದವು. ಒಬ್ಬರ ಒಳ್ಳೆಯ ಕೆಲಸವನ್ನು ಮೆಚ್ಚುವಾಗ ಅವರ ತಪ್ಪನ್ನು ಮುಚ್ಚಿಡಬಾರದು. ಅವರ ಪಕ್ಷ ಸೋತಿತು. ಕೆಲವು ವರ್ಷ ಹೊರದೇಶಗಳಲ್ಲಿದ್ದು 1868ರಲ್ಲಿ ಮರಳಿದರು. ಪ್ರಾಧ್ಯಾಪಕರಾಗಿದ್ದು 1873ರ ಫೆಬ್ರವರಿ 1ರಂದು ತೀರಿಕೊಂಡರು.

ಪಟ್ಟಿ ಮಾತ್ರ ನಿಲ್ಲಲಿಲ್ಲ. ಅದು ಒಬ್ಬರ ಸ್ವತ್ತಾಗಿರಲಿಲ್ಲವಲ್ಲ! ಅದೇ 1873ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಹಲವು ದೇಶಗಳ ಹವಾಮಾನ ತಜ್ಞರು ಸೇರಿ ನೆಲದ ಮೇಲಿನ ಅಳತೆಗಳಿಗೂ ಒಂದೇ ರೀತಿ ಇರಬೇಕೆಂದು ಚರ್ಚಿಸಿದರು. ಆ ದಾರಿಯೇ ಇಂದಿನ ವಿಶ್ವ ಹವಾಮಾನ ಸಂಸ್ಥೆಯವರೆಗೆ ಬಂದಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ ಅನ್ನಾ ಮಣಿಯವರು 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳಿಗೆ ಒಂದೇ ಮಾದರಿಯ ನಕ್ಷೆಗಳನ್ನು ಮಾಡಿಸಿದರು.

ನಮ್ಮ ಹೊಲಕ್ಕೆ ಬಂದ ಕಡಲು

ಇಂದು ಸುಮಾರು 4,000 ಆರ್ಗೊ ತೇಲುಯಂತ್ರಗಳು ಸಾಗರಗಳಲ್ಲಿವೆ. ಇವುಗಳಲ್ಲಿ ಮನುಷ್ಯರಿಲ್ಲ. ಸಾಮಾನ್ಯವಾಗಿ ಹತ್ತು ದಿನಗಳಿಗೊಮ್ಮೆ ಒಂದೊಂದು ಯಂತ್ರವೂ 2,000 ಮೀಟರ್ ಆಳಕ್ಕೆ ಇಳಿದು, ಮೇಲೇರುತ್ತ ನೀರಿನ ಉಷ್ಣತೆ ಮತ್ತು ಉಪ್ಪಿನ ಅಂಶವನ್ನು ಅಳೆದು, ಉಪಗ್ರಹದ ಮೂಲಕ ಸುದ್ದಿ ಕಳಿಸುತ್ತದೆ. ಯಂತ್ರ ಯಾವ ದೇಶದ್ದೇ ಆಗಲಿ, ಕಂಪ್ಯೂಟರಿನ ಕಡತ ಒಂದೇ ಮಾದರಿಯದು. ಆದ್ದರಿಂದ ಒಂದು ದೇಶದ ಕಂಪ್ಯೂಟರು ಬರೆದದ್ದನ್ನು ಇನ್ನೊಂದು ದೇಶದ್ದು ಓದಬಲ್ಲದು. ಈ ಮಾಹಿತಿ ಎಲ್ಲರಿಗೂ ಉಚಿತ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ನೋಡಿಕೊಳ್ಳುತ್ತದೆ.

ಬಾದಾಮಿಯ ಬಂಡೆಗಳ ಮೇಲೆ ಸುರಿಯುವ ಮುಂಗಾರು ಮಳೆ, ಹುನಗುಂದದ ಎರೆಹೊಲದ ಹಿಂಗಾರಿ ಜೋಳಕ್ಕೆ ಬೇಕಾದ ಹಸಿ, ಎರಡಕ್ಕೂ ಮೂಲ ಸಮುದ್ರವೇ. ದೂರದ ಪೆಸಿಫಿಕ್ ಸಾಗರದ ನೀರು ಹೆಚ್ಚು ಬಿಸಿಯಾದ ವರ್ಷಗಳಲ್ಲಿ ನಮ್ಮ ಮುಂಗಾರು ಹಲವು ಸಲ ಸೊರಗುತ್ತದೆ. ಮಳೆಯ ಮುನ್ಸೂಚನೆ ಕೆಲವೊಮ್ಮೆ ತಪ್ಪುವುದೂ ಉಂಟು. ಆದರೆ ಎಲ್ಲ ದೇಶಗಳ ಅಳತೆ ಒಂದೆಡೆ ಸೇರದಿದ್ದರೆ ಮುನ್ಸೂಚನೆ ಕೊಡುವುದೇ ಕಷ್ಟವಾಗುತ್ತಿತ್ತು.

ನೀವೂ ಮಾಡಿ ನೋಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಹೀಗೆ ನಾಲ್ಕು ಊರುಗಳ ಶಾಲೆಗಳು ಸೇರಿ ಮಳೆ ಅಳೆಯಿರಿ. ಮೊದಲೇ ಈ ನಿಯಮಗಳನ್ನು ಒಪ್ಪಿಕೊಳ್ಳಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನೇ ಬಳಸಬೇಕು. ಅದನ್ನು ಗಿಡ, ಗೋಡೆಗಳಿಂದ ದೂರ, ಬಯಲಿನಲ್ಲಿ ಅಲುಗಾಡದಂತೆ ಇಡಬೇಕು. ದಿನವೂ ಬೆಳಗ್ಗೆ 8.30ಕ್ಕೆ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆದು, ನೀರು ಚೆಲ್ಲಬೇಕು. ಮಳೆ ಬರದ ದಿನ 0 ಎಂದು ಬರೆಯಿರಿ. ಅಳೆಯಲು ಮರೆತ ದಿನ 0 ಬರೆಯಬೇಡಿ, ಅಡ್ಡಗೆರೆ ಎಳೆಯಿರಿ. ಇವೆರಡೂ ಒಂದೇ ಅಲ್ಲ. ಏಕೆಂದು ತರಗತಿಯಲ್ಲಿ ಚರ್ಚಿಸಿ.

ತಿಂಗಳ ಕೊನೆಗೆ ನಿಮ್ಮ ಪಟ್ಟಿಯನ್ನು ಉಳಿದ ಮೂರು ಶಾಲೆಗಳಿಗೆ ಕಳಿಸಿ, ಅವರ ಪಟ್ಟಿಯನ್ನು ತರಿಸಿಕೊಳ್ಳಿ. ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನಿಮ್ಮ ಶಾಲೆಯ ಅಂಗಳದಿಂದ ಕಾಣದಿದ್ದ ಮಳೆಯ ದಾರಿ ಆಗ ನಿಮಗೆ ಕಾಣತೊಡಗುತ್ತದೆ.