ಕೋಟೆ ಕಳೆದುಕೊಂಡರೂ ವಾರಸಿಕೆ ಬಿಡದ ಮಾರ್ ಒಡತಿ ಇಸಬೆಲ್

1404ರಲ್ಲಿ ಸ್ಕಾಟ್ಲೆಂಡ್‌ನ ಈಶಾನ್ಯ ಭಾಗದ ಕಿಲ್ಡ್ರಮಿ ಕೋಟೆಯಲ್ಲಿದ್ದ ಇಸಬೆಲ್ ಡಗ್ಲಾಸ್‌ಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಇದ್ದದ್ದು ಮಾರ್ ಎಂಬ ಭಾರೀ ಸಂಸ್ಥಾನ. ಆ ಕಾಲದಲ್ಲಿ ಅಂಥ ಹೆಣ್ಣಿಗೆ ನೆಮ್ಮದಿ ದೂರದ ಮಾತು.

ಇಸಬೆಲ್ ಅಣ್ಣ ಜೇಮ್ಸ್ 1388ರಲ್ಲಿ ಇಂಗ್ಲಿಷರ ವಿರುದ್ಧದ ಆಟರ್‌ಬರ್ನ್ ಯುದ್ಧದಲ್ಲಿ ಸತ್ತ. ತಂದೆ ಕಡೆಯ ಡಗ್ಲಾಸ್ ಅರ್ಲ್ ಪದವಿ ಈಕೆಗೆ ಸಿಗಲಿಲ್ಲ, ಗಂಡು ದಾಯಾದಿ ಆರ್ಚಿಬಾಲ್ಡ್ ಪಾಲಾಯಿತು. ತಾಯಿ ಮಾರ್ಗರೆಟ್ ಕಡೆಯಿಂದ ಬಂದ ಮಾರ್ ಮಾತ್ರ ಉಳಿಯಿತು. ಗಂಡ ಮಾಲ್ಕಮ್ ಡ್ರಮಂಡ್ ರಾಣಿಯ ಸಹೋದರ. ಆದರೂ ಯಾರೋ ಅವನನ್ನು ಹಿಡಿದು ಸೆರೆಯಲ್ಲಿಟ್ಟರು, ಅಲ್ಲೇ ಸತ್ತ. ಸಂಶಯ ಅಲೆಕ್ಸಾಂಡರ್ ಸ್ಟೂವರ್ಟ್ ಮೇಲೆ ಹೋಯಿತು, ರುಜುವಾತು ಆಗಲಿಲ್ಲ.

ಈ ಅಲೆಕ್ಸಾಂಡರ್ ರಾಜ ಮೂರನೇ ರಾಬರ್ಟನ ತಮ್ಮನಿಗೆ ಮದುವೆಯಾಚೆ ಹುಟ್ಟಿದ ಮಗ. 1404ರಲ್ಲಿ ಕಿಲ್ಡ್ರಮಿಗೆ ನುಗ್ಗಿ ಕೋಟೆಯನ್ನೇ ವಶಪಡಿಸಿಕೊಂಡ. ಆಗಸ್ಟ್ 12ರಂದು ಇಸಬೆಲ್ ಒಂದು ಪತ್ರ ಬರೆದುಕೊಟ್ಟಳು. ಅದರ ಪ್ರಕಾರ ಇಬ್ಬರಿಗೂ ಮಕ್ಕಳಾಗದಿದ್ದರೆ ಮಾರ್ ಅಲೆಕ್ಸಾಂಡರ್‌ನ ವಾರಸುದಾರರಿಗೆ ಸೇರಬೇಕು. ಕೋಟೆ ಅವನ ಕೈಯಲ್ಲಿದ್ದಾಗ ಆ ಸಹಿಗೆ ಎಷ್ಟು ಬೆಲೆ?

ರಾಜ ಅದಕ್ಕೆ ಮುದ್ರೆ ಒತ್ತಲಿಲ್ಲ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಕೋಟೆ ಬಾಗಿಲಲ್ಲೇ ಒಂದು ಸಮಾರಂಭ ನಡೆಯಿತು. ಬಿಷಪ್ ಮತ್ತು ಒಕ್ಕಲು ಜನರ ಎದುರು ಅಲೆಕ್ಸಾಂಡರ್ ಬೀಗದ ಕೈಗಳನ್ನು ಇಸಬೆಲ್‌ಗೆ ಒಪ್ಪಿಸಿದ. ಅವುಗಳನ್ನು ಕೈಯಲ್ಲಿ ಹಿಡಿದೇ ಆಕೆ ಸ್ವಇಚ್ಛೆಯಿಂದ ಅವನನ್ನು ವರಿಸುವುದಾಗಿ ಸಾರಿದಳು. ನಾಟಕದಂತೆ ಕಂಡರೂ ಇದು ಕಾನೂನಿಗೆ ಬೇಕಿದ್ದ ನಾಟಕ. ಅಸಲಿ ಗೆಲುವು ಡಿಸೆಂಬರ್‌ನ ಪತ್ರದಲ್ಲಿತ್ತು. ಮಕ್ಕಳಾಗದಿದ್ದರೆ ಮಾರ್ ಇಸಬೆಲ್‌ನ ವಾರಸುದಾರರಿಗೇ ಮರಳಬೇಕು ಎಂದು ಅದು ಹೇಳಿತು. 1405ರ ಜನವರಿಯಲ್ಲಿ ರಾಜ ಒಪ್ಪಿಗೆ ಕೊಟ್ಟ.

ಮೂರು ವರ್ಷ ಕಳೆದು, 1408ರಲ್ಲಿ, ಇಸಬೆಲ್ ತೀರಿಕೊಂಡಳು. ಮಕ್ಕಳಾಗಲಿಲ್ಲ. ಪದವಿ ಅಲೆಕ್ಸಾಂಡರ್ ಬಳಿಯೇ ಉಳಿಯಿತು. 1411ರ ಹಾರ್ಲಾ ಯುದ್ಧದಲ್ಲಿ ಅವನು ಎದುರಿಸಿದ್ದು ಹೆಂಡತಿಯ ಹಕ್ಕಿನಿಂದ ರಾಸ್ ಸಂಸ್ಥಾನ ಕೇಳುತ್ತಿದ್ದ ಡೊನಾಲ್ಡ್‌ನನ್ನು! ತಾನೂ ಹಾಗೆಯೇ ಅರ್ಲ್ ಆದವನು.

1435ರಲ್ಲಿ ಅಲೆಕ್ಸಾಂಡರ್ ಸತ್ತಾಗ ರಾಜ ಮೊದಲನೇ ಜೇಮ್ಸ್ ಮಾರ್ ಅನ್ನು ತನ್ನದಾಗಿಸಿಕೊಂಡ. ಡಿಸೆಂಬರ್ ಪತ್ರ ಮೂಲೆ ಸೇರಿತು. ಇಸಬೆಲ್ ಕಡೆಯ ವಾರಸುದಾರರಾದ ಅರ್ಸ್ಕಿನ್ ಮನೆತನದವರು ಜಗಳ ಬಿಡಲಿಲ್ಲ, 1457ರಲ್ಲಿ ಸೋತರು. 1565ರಲ್ಲಿ ರಾಣಿ ಮೇರಿ ಜಾನ್ ಅರ್ಸ್ಕಿನ್‌ಗೆ ಮಾರ್ ಕೊಟ್ಟಳು. ಅದು ಹಳೆಯ ಪದವಿಯ ಮರಳಿಕೆಯೋ, ಹೊಸ ಪದವಿಯೋ ಎಂಬ ಪ್ರಶ್ನೆ 1875ರಲ್ಲಿ ಬ್ರಿಟನ್‌ನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಹೊಸದು ಎಂದು ತೀರ್ಪಾಯಿತು. ಹಳೆಯದನ್ನು ಉಳಿಸಲು 1885ರಲ್ಲಿ ಪಾರ್ಲಿಮೆಂಟ್ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಅಂದಿನಿಂದ ಮಾರ್ ಹೆಸರಿನಲ್ಲಿ ಎರಡು ಅರ್ಲ್ ಪದವಿಗಳಿವೆ.