ಕಾಣದವರಿಗೆ ಸೇತುವೆ ಕಟ್ಟಿದ ರಾಮಸ್ವಾಮಿ ಮೊದಲಿಯಾರರು

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ ನಿಂತು ಗಗನಚುಕ್ಕಿಯ ಭೋರ್ಗರೆತವನ್ನು ಕೇಳಿದವರು ನಮ್ಮ ವಾಚಕರಲ್ಲಿ ಅನೇಕರುಂಟು. 1902ನೆಯ ಇಸವಿಯಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದ ವೃತ್ತಾಂತವನ್ನೂ ಎಲ್ಲರೂ ಬಲ್ಲರು. ಅದಕ್ಕೂ ಬಹುಕಾಲ ಮುಂಚೆ ಆ ಸ್ಥಳಕ್ಕೆ ಉಪಕಾರಮಾಡಿದ ಒಬ್ಬ ಪುರುಷರ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಕಾವೇರಿಯು ಎರಡು ಕವಲಾಗಿ ಬಳಸುವ ಶಿವನಸಮುದ್ರದ ದ್ವೀಪದಲ್ಲಿ ಪೂರ್ವಕಾಲದಲ್ಲಿ ಗಂಗರಾಜನ ಪಟ್ಟಣವಿದ್ದಿತು. ಆ ವಂಶವು ಅಳಿದ ಮೇಲೆ ಪಟ್ಟಣವು ಹಾಳಾಯಿತು, ಸೇತುವೆಗಳು ಶಿಥಿಲವಾದವು, ಮನೆಗಳಿದ್ದ ಎಡೆಯಲ್ಲಿ ಅಡವಿ ಬೆಳೆದು ಕಾಡುಮೃಗಗಳು ಸೇರಿಕೊಂಡವು. ದಾರಿಹೋಕನಿಗೆ ಅಲ್ಲಿ ನೆರಳೂ ಇಲ್ಲ, ದಾರಿಯೂ ಇಲ್ಲವೆಂಬಂತಾಯಿತು.

ಹತ್ತೊಂಬತ್ತನೆಯ ಶತಮಾನದ ಪೂರ್ವಭಾಗದಲ್ಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟರ ನಂಬಿಕೆಯ ಸೇವಕರಾಗಿದ್ದ ರಾಮಸ್ವಾಮಿ ಮೊದಲಿಯಾರರು ಈ ಸ್ಥಿತಿಯನ್ನು ನೀಗಿಸಲು ಮುಂದಾದರು. ಅವರು ಅರಸರಲ್ಲ, ಅಧಿಕಾರಿಗಳೂ ಅಲ್ಲ. ಆದರೂ ಅಡವಿಯನ್ನು ಕಡಿಸಿ, ಹೊಳೆಯ ಎರಡು ಕವಲುಗಳಿಗೂ ಕಲ್ಲುಗಂಬಗಳ ಮೇಲೆ ಕಲ್ಲುಹಾಸಿನ ಸೇತುವೆಗಳನ್ನು ನಿಲ್ಲಿಸಿ, ಬರುವವರು ತಂಗಲು ಬಂಗಲೆಯನ್ನೂ ಕಟ್ಟಿಸಿದರು. ಆ ಸೇತುವೆಗಳನ್ನು ದಾಟಿದವರಲ್ಲಿ ಬಹುಮಂದಿ ಅವರ ಮುಖವನ್ನೇ ಕಂಡವರಲ್ಲ.

ಇದರಿಂದ ಸೇವಕರು ಜಹಗೀರುದಾರರಾದರು. ಬ್ರಿಟಿಷ್ ಸರ್ಕಾರವು ಅವರಿಗೆ ಜನೋಪಕಾರ ಕಾಮಕರ್ತರೆಂಬ ಬಿರುದನ್ನು ಕೊಟ್ಟಿತು. ಆ ಸರ್ಕಾರವೂ ಮೈಸೂರು ಸಂಸ್ಥಾನವೂ ಗ್ರಾಮಗಳನ್ನು ಜಹಗೀರಾಗಿ ದಯಪಾಲಿಸಿದವು. ಪಾಳುಬಿದ್ದ ದ್ವೀಪಕ್ಕೆ ಪುನಃ ಜನಸಂಚಾರವುಂಟಾಯಿತು. ಆದರೆ ಸೇತುವೆಗಳಿಗೆ ಅವರ ಹೆಸರು ನಿಲ್ಲಲಿಲ್ಲ. ಒಂದನ್ನು ವೆಲ್ಲೆಸ್ಲಿಯ ಹೆಸರಿನಿಂದಲೂ, ಮತ್ತೊಂದನ್ನು 1827ರಿಂದ 1832ರವರೆಗೆ ಮದರಾಸಿನ ಗವರ್ನರರಾಗಿದ್ದ ಲಷಿಂಗ್ಟನ್ನರ ಹೆಸರಿನಿಂದಲೂ ಜನರು ಕರೆದರು. 2018ರ ಪ್ರವಾಹದಲ್ಲಿ ಹಳೆಯ ಸೇತುವೆಯ ಒಂದು ಭಾಗವು ಕೊಚ್ಚಿಹೋದಾಗಲೂ ಪತ್ರಿಕೆಗಳಲ್ಲಿ ಕಂಡುದು ವೆಸ್ಲಿ ಎಂದು ರೂಢಿಗೆ ಬಂದಿದ್ದ ಹೆಸರೇ.

ಬಿರುದೂ ಜಹಗೀರೂ ದೊರೆತುದರಿಂದ ಅವರ ಉಪಕಾರವು ಕುಂದಿತೆಂದು ನಾವು ಎಣಿಸುವುದಿಲ್ಲ. ಬಿರುದನ್ನು ಇಂದು ಬಲ್ಲವರು ವಿರಳ. ಜಹಗೀರುಗಳ ಕಾಲವೂ ಮುಗಿಯಿತು. ಎರಡು ಶತಮಾನಗಳ ಕಾಲ ತಲೆಹೊರೆಯ ಹೆಂಗಸರೂ ಗಾಡಿಕಾರರೂ ಕಾಲು ನೆನೆಯದೆ ಹೊಳೆ ದಾಟಿದುದು ಮಾತ್ರ ಸುಳ್ಳಾಗದು. ಹೆಸರು ಉಳಿಯದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವಾಗ ಈ ಕಲ್ಲುಗಂಬಗಳನ್ನು ತೋರಿಸಬಹುದೆಂದು ನಾವು ಭಾವಿಸುತ್ತೇವೆ.