ಕುಪ್ಪಳಿಯ ಒಕ್ಕಲು ಮನೆಯಿಂದ ಜ್ಞಾನಪೀಠದವರೆಗೆ

ತೀರ್ಥಹಳ್ಳಿ: ರಾಷ್ಟ್ರಕವಿ ಕುವೆಂಪು 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ ಜನಿಸಿದರು. ಬೆಳೆದದ್ದು ಕುಪ್ಪಳಿಯ ಪಿತ್ರಾರ್ಜಿತ ಮನೆಯಲ್ಲಿ. ಕಲ್ಲು, ಮರ, ಹೆಂಚುಗಳ ಆ ವಿಶಾಲ ಮನೆಗೆ ನಡುವೆ ತೆರೆದ ಅಂಗಳ, ಮೇಲೆ ಉಪ್ಪರಿಗೆ. ಸುತ್ತ ಗದ್ದೆ, ತೋಟ, ಕಾಡು. ಮಲೆನಾಡಿನ ಈ ಒಕ್ಕಲುತನದ ಬದುಕೇ ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗೆ ನೆಲೆಯಾಯಿತು.

ವ್ಯಾಸಂಗಕ್ಕೆ ಮೈಸೂರು ಸೇರಿದ ಅವರು 1956ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಕುಲಪತಿಯಾದರು. ‘ಶ್ರೀ ರಾಮಾಯಣ ದರ್ಶನಂ’ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದಿತು. 1994ರ ನವೆಂಬರ್ 11ರಂದು ನಿಧನರಾದ ಕವಿಯ ಸಮಾಧಿ ಕುಪ್ಪಳಿಯ ಕವಿಶೈಲದಲ್ಲಿದೆ.

ಜೀರ್ಣೋದ್ಧಾರಗೊಂಡ ಮನೆ ಇಂದು ‘ಕವಿಮನೆ’ ಸ್ಮಾರಕ. ಹಿಂದಿನವರ ಬೇಸಾಯದ ಸಲಕರಣೆ, ಪಾತ್ರೆಪಗಡಿಗಳು ಅಲ್ಲಿವೆ. 2015ರ ನವೆಂಬರ್‌ನಲ್ಲಿ ಒಳನುಗ್ಗಿದ ಕಳ್ಳರು ಪದ್ಮ ಪ್ರಶಸ್ತಿ ಪದಕಗಳನ್ನು ಹೊತ್ತೊಯ್ದರು. ಇಂಥ ಮನೆಯನ್ನು ಉಳಿಸಿದರೆ ಸಾಲದು, ಕಾಯಲೂಬೇಕು ಎಂಬುದನ್ನು ಆ ಘಟನೆ ನಾಡಿಗೆ ತಿಳಿಸಿತು.